ಮೆಣಸುಕಾಳಿನ ಕಣ್ಣಿನ ಹಂಸ

ಅಮ್ಮನ ತವರಿನ ಹೆಣ್ಣುಮಕ್ಕಳ ಮದುವೆಗಳಿಗೆ ಜೋಯಿಸರಿಗಿಂತ ಹೆಚ್ಚು ಓಡಾಡಿದ್ದು ಒಂದು ಜೊತೆ ಹಂಸ. ರೇಷ್ಮೆಗೂಡನ್ನು ಕತ್ತರಿಸಿ ಒಂದೊಂದೇ ಗರಿ ಅಂಟಿಸಿ ಮಾಡಿದ ಬಿಳಿ ಹಂಸಗಳು. ಹಿಂದೆ ನೀಲಿ ಮಕಮಲ್ಲು, ಮುಂದೆ ಗಾಜು, ಸುತ್ತ ಮರದ ಚೌಕಟ್ಟು. ಮಾಡಿದ್ದು ಶಿಡ್ಲಘಟ್ಟದಲ್ಲಿದ್ದ ನಮ್ಮ ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ. ಹೊತ್ತು ತಿರುಗಿದ್ದು ನಾನು. ಎಂಬತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಎಲ್ಲರ ಕಣ್ಣಿಗೂ ಕೆಲಸವಿಲ್ಲದವಳಂತೆ ಕಾಣುತ್ತಿದ್ದುದರಿಂದ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಆ ಪಟ ನನ್ನ ತೊಡೆಗೆ ಬಂತು.

ಯಾಕೆ ಹೊರಬೇಕಿತ್ತು ಎಂದು ಈಗಿನವರು ಕೇಳಬಹುದು. ಆಗ ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳಿದ ಮೇಲೆ, ಕೈಕೆಲಸ ಏನು ಕಲಿತಿದ್ದಾಳೆ ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಗೋಡೆಯಲ್ಲಿ ಏನಾದರೂ ಇರಲೇಬೇಕಿತ್ತು. ಪ್ಲಾಸ್ಟಿಕ್ ವೈರಿನ ಬುಟ್ಟಿ, ಮಣಿ ತೋರಣ, ಕ್ರೋಶಾದಲ್ಲಿ ಹೆಣೆದ ಟಿ.ವಿ. ಹೊದಿಕೆ. ಟಿ.ವಿ. ಇಲ್ಲದ ಮನೆಯಲ್ಲೂ ಅದರ ಹೊದಿಕೆ ಇರುತ್ತಿತ್ತು. ನಮ್ಮ ಕಡೆಯ ಹುಡುಗಿಯರಿಗೆ ಕೈಕೆಲಸ ಎಂದರೆ ಅಷ್ಟಕ್ಕಷ್ಟೆ. ಆದರೆ ನಮಗೆ ಚಿಕ್ಕಮ್ಮನ ಹಂಸಗಳಿದ್ದವು. ಹೆಣ್ಣು ನೋಡುವ ಶಾಸ್ತ್ರದ ಹಿಂದಿನ ದಿನ ಪಟ ಆ ಮನೆಗೆ ಬರುತ್ತಿತ್ತು, ಗೋಡೆಗೆ ಮೊಳೆ ಬೀಳುತ್ತಿತ್ತು. ಯಾರು ಮಾಡಿದ್ದು ಎಂದು ಕೇಳಿದರೆ ಹುಡುಗಿ ತಲೆ ತಗ್ಗಿಸಿ "ನಾನೇ ಮಾಡಿದ್ದು" ಎನ್ನಬೇಕು. ತಲೆ ಹೇಗೂ ತಗ್ಗಿಸಿಯೇ ಇರುತ್ತಿದ್ದುದರಿಂದ ಮುಖ ನೋಡಿ ಸುಳ್ಳು ಕಂಡುಹಿಡಿಯುವ ಹಾಗಿರಲಿಲ್ಲ.

ಆ ಬೇಸಿಗೆಯ ಮೊದಲ ಪಯಣ ಚಿಂತಾಮಣಿಗೆ, ದೊಡ್ಡಮ್ಮನ ಮಗಳಿಗಾಗಿ. ಅಮ್ಮ ಮತ್ತು ನಾನು ಚಿಕ್ಕಬಳ್ಳಾಪುರದ ನಮ್ಮ ಮನೆಯಿಂದ ಹೊರಟು, ಶಿಡ್ಲಘಟ್ಟದಲ್ಲಿ ಚಿಕ್ಕಮ್ಮನ ಕೈಯಿಂದ ಪಟ ಇಸಿದುಕೊಂಡು, ಆಗಿನ್ನೂ ಓಡುತ್ತಿದ್ದ ಚಿಕ್ಕ ರೈಲು ಹತ್ತಿದೆವು. ಇಳಿದು ಹುಣಸೆ ಆಯ್ದುಕೊಂಡು ಮತ್ತೆ ಹತ್ತಬಹುದು ಎಂದು ಜನ ಆ ರೈಲನ್ನು ಹಂಗಿಸುತ್ತಿದ್ದರು. ನನಗೆ ಅದರ ನಿಧಾನವೇ ಇಷ್ಟ. ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಬಂಡೆಗುಡ್ಡ ಎಲ್ಲವನ್ನೂ ಕಣ್ತುಂಬ ನೋಡಲು ಬಿಡುತ್ತಿತ್ತು. ಆದರೆ ಅದರ ಕುಲುಕಾಟಕ್ಕೆ ಒಂದು ಹಂಸದ ಕಣ್ಣಾಗಿದ್ದ ಕರಿಮಣಿ ಉದುರಿ ಗಾಜಿನೊಳಗೆ ಉರುಳಾಡುತ್ತಿತ್ತು. ದೊಡ್ಡಮ್ಮನ ಮನೆಯಲ್ಲಿ ಪಟದ ಹಿಂಬದಿ ಬಿಚ್ಚುವಾಗ ಅದೂ ಎಲ್ಲೋ ಬಿದ್ದುಹೋಯಿತು. ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು. ದೊಡ್ಡಮ್ಮ ಸಾಂಬಾರ ಡಬ್ಬಿಗೆ ಕೈ ಹಾಕಿ, ಒಂದು ಮೆಣಸುಕಾಳು ತೆಗೆದು, ಮೈದಾ ಅಂಟು ಹಚ್ಚಿ ಕೂರಿಸಿಯೇಬಿಟ್ಟರು. ಅಂದಿನಿಂದ ಆ ಹಂಸ ಏನೋ ಕೇಳಬಾರದ್ದು ಕೇಳಿದವರ ಹಾಗೆ ಒಂದು ಕಣ್ಣು ಅಗಲಿಸಿಕೊಂಡೇ ಇತ್ತು. ಬಂದವರು ಕೇಸರಿಬಾತು ತಿಂದು, ಹುಡುಗಿಯನ್ನೂ ಹಂಸವನ್ನೂ ಒಪ್ಪಿಕೊಂಡು ಹೋದರು.

ಆಮೇಲೆ ಪಟ ಗೌರಿಬಿದನೂರಿಗೆ ಹೋಯಿತು, ಅಮ್ಮನ ಇನ್ನೊಬ್ಬ ಅಕ್ಕನ ಮನೆಗೆ. ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗೆಲ್ಲ ನಾನು ಪಟವನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ. ಮಗು ಎಂದುಕೊಂಡು ಪಕ್ಕದ ಹೆಂಗಸು ಬಿಸಿಲಿಗೆ ಸೆರಗು ಅಡ್ಡ ಹಿಡಿದಳು, ಅವಳನ್ನು ನಾನು ಇನ್ನೂ ಮರೆತಿಲ್ಲ. ಅಲ್ಲಿಯೂ ಸಂಬಂಧ ಕುದುರಿತು. ಪಟಕ್ಕೆ ಒಳ್ಳೆಯ ಶಕುನ ಇದೆ ಎಂದು ಮಾತು ಹಬ್ಬಿತು. ಹೊರಡುವ ಮುಂಚೆ ಆ ದೊಡ್ಡಮ್ಮ ಪಟಕ್ಕೆ ಅರಿಶಿನ ಕುಂಕುಮ ಇಟ್ಟರು. ನನಗೂ ಒಂದು ರವಿಕೆ ಬಟ್ಟೆ ಸಿಕ್ಕಿತು.

ಮೂರನೆಯ ಸರದಿ ನಮ್ಮ ಮನೆಯದೇ, ನಮ್ಮ ಅಕ್ಕನದು.

ಅಕ್ಕ ಬಿ.ಎ. ಮುಗಿಸಿದ್ದಳು. ಕತ್ತರಿ ಕೊಟ್ಟರೆ ಉಗುರನ್ನೂ ನೆಟ್ಟಗೆ ಕತ್ತರಿಸದವಳು. ಆದರೆ ಬಾಯಿ ಬಿಟ್ಟರೆ ಮನೆಯೆಲ್ಲ ನಗು. ನೋಡಲು ಬಂದ ಹುಡುಗ ಗೌರಿಬಿದನೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಊರು ಚಿಂತಾಮಣಿಯ ಹತ್ತಿರ. ಕಾಫಿ ಕೊಡಲು ಹೋದ ಅಕ್ಕ ಲೋಟ ತಟ್ಟೆ ಹಿಡಿದು ತಡಬಡಾಯಿಸಿದಾಗ ಅವನು ಮೆಲ್ಲಗೆ ತಟ್ಟೆ ಹಿಡಿದುಕೊಂಡ. ಒಳಗೆ ಬಂದವಳು ನನ್ನ ಕೈ ಹಿಂಡಿದಳು. ಅವಳಿಗೆ ಹುಡುಗ ಹಿಡಿಸಿದ್ದಾನೆ ಎಂದು ಹಿಂಡಿದ ರೀತಿಯಲ್ಲೇ ನನಗೆ ಗೊತ್ತಾಯಿತು.

ಅವರ ಜೊತೆ ಹುಡುಗನ ಅಜ್ಜಿ ಬಂದಿದ್ದರು. ಆ ಮನೆಯಲ್ಲಿ ಅವರ ಮಾತೇ ಮಾತು. ಅಜ್ಜಿ ಎದ್ದು ಪಟದ ಹತ್ತಿರ ಹೋಗಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಯಾರಮ್ಮಾ ಮಾಡಿದ್ದು ಇದನ್ನ?"

"ನಾನೇ ಮಾಡಿದ್ದು," ಎಂದಳು ಅಕ್ಕ.

"ಈ ಹಕ್ಕಿಗೆ ಒಂದು ಕಣ್ಣು ದೊಡ್ಡದಲ್ವಾ ತಾಯಿ?"

ಉತ್ತರಕ್ಕೆ ಕಾಯದೆ ಅಜ್ಜಿ ಮತ್ತೆ ಬಂದು ಕೂತು, ಎಲೆಗೆ ಸುಣ್ಣ ಸವರುತ್ತಾ, ತಮಗೂ ಇಂಥದ್ದೇ ಒಂದು ಜೊತೆ ಬೇಕು ಎಂದರು. ಮುಂದಿನ ತಿಂಗಳು ನಿಶ್ಚಿತಾರ್ಥಕ್ಕೆ ಬರುತ್ತೇವೆ, ಅಷ್ಟರಲ್ಲಿ ಹುಡುಗಿ ತನ್ನ ಕೈಯಾರೆ ಮಾಡಿಟ್ಟಿರಲಿ, ಅದನ್ನು ನೋಡಿಯೇ ವೀಳ್ಯ ಬದಲಾಯಿಸೋಣ ಎಂದು ನಗುತ್ತಲೇ ಹೇಳಿ ಹೋದರು.

ಆ ನಗುವಿನ ಅರ್ಥ ಬಿಡಿಸಿದ್ದು ಚಿಂತಾಮಣಿಯ ದೊಡ್ಡಮ್ಮ. ಸುದ್ದಿ ಕೇಳಿ ಬಂದವರು, ಅಜ್ಜಿಯ ಚಹರೆ ವಿಚಾರಿಸಿ, ಹಾಗೇ ಕುರ್ಚಿಯಲ್ಲಿ ಕುಸಿದರು. ದೊಡ್ಡಮ್ಮನ ಬೀಗರಿಗೆ ಆ ಅಜ್ಜಿ ಹತ್ತಿರದ ನೆಂಟರಂತೆ. ಅವತ್ತು ಅಲ್ಲಿಗೂ ಹಿರಿಯರೆಂದು ಬಂದಿದ್ದರಂತೆ, ಅಡುಗೆಮನೆ ಬಿಟ್ಟು ಹೊರಬರದ ಅಮ್ಮನೂ ನಾನೂ ಅವರನ್ನು ಕಂಡಿರಲಿಲ್ಲ. ಮೆಣಸುಕಾಳಿನ ಕಣ್ಣನ್ನು ಅಲ್ಲೇ ನೋಡಿದ್ದಾರೆ. ನಮ್ಮವರೆಲ್ಲ ಹೆಣ್ಣು ಕೊಡುವುದೂ ತರುವುದೂ ಸುತ್ತಲ ನಾಲ್ಕು ಊರುಗಳಲ್ಲೇ, ಎಲ್ಲರೂ ಎಲ್ಲರಿಗೂ ನೆಂಟರೇ. ಅಂಥ ಕಡೆ ಒಂದೇ ಪಟವನ್ನು ಮನೆಮನೆಗೂ ತೋರಿಸಿಕೊಂಡು ಬಂದೆವಲ್ಲ, ಅಷ್ಟು ಜನ ಹಿರಿಯರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಹಕ್ಕಿ ಬೇಕಿದ್ದರೆ ಹಕ್ಕಿಯನ್ನೇ ಸೊಸೆ ಮಾಡಿಕೊಳ್ಳಲಿ ಎಂದು ಅಪ್ಪ ರೇಗಿದರು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಮಾತ್ರ ನಮ್ಮಿಬ್ಬರನ್ನೂ ಶಿಡ್ಲಘಟ್ಟಕ್ಕೆ ಹೊರಡಿಸಿ, ಸೀರೆ ಮಡಿಸಿ ಬ್ಯಾಗಿಗೆ ತುಂಬತೊಡಗಿದರು. ಅಮ್ಮನ ಲೆಕ್ಕ ಸುಲಭ: ಇನ್ನೊಂದು ಜೊತೆಯನ್ನೂ ಚಿಕ್ಕಮ್ಮನೇ ಮಾಡಿಕೊಟ್ಟರೆ ಆಯಿತು, ಅಕ್ಕ ಮಾಡಿದ್ದೆಂದು ಹೇಳಿದರಾಯಿತು.

ಶಿಡ್ಲಘಟ್ಟದ ಮನೆ ನಮ್ಮ ಸೋದರಮಾವನದು. ಮದುವೆಯಾಗದೆ ಉಳಿದ ಚಿಕ್ಕಮ್ಮ ಅಲ್ಲಿ ರೇಷ್ಮೆಹುಳು ಸಾಕುವುದು, ಸೊಪ್ಪು ಹಾಕುವುದು, ಮಾವನ ಮಕ್ಕಳ ತಲೆ ಬಾಚುವುದು ಎಲ್ಲ ನೋಡಿಕೊಳ್ಳುತ್ತಿದ್ದರು. ಅವರನ್ನು ಪಾಪ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟು ಚುರುಕು ನಾಲಿಗೆ. ಅಮ್ಮ ವಿಷಯ ಹೇಳಿ ಮುಗಿಸುವ ಮೊದಲೇ ಚಿಕ್ಕಮ್ಮ, ಅದಕ್ಕೇನಂತೆ ಮಾಡಿಕೊಡುತ್ತೇನೆ ಎಂದು ಕತ್ತರಿ ಹುಡುಕಲು ಎದ್ದರು. ಪಕ್ಕದ ಮನೆಯಿಂದ ಗೂಡು ತರಲು ಅಕ್ಕನನ್ನೂ ನನ್ನನ್ನೂ ಕಳಿಸಿದರು.

ಪಕ್ಕದವರು ನೂಲು ಬಿಚ್ಚುವವರು. ಹಿತ್ತಿಲ ಶೆಡ್ಡಿನಲ್ಲಿ ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತಿತ್ತು, ಬೀದಿಗೆಲ್ಲ ಆ ವಾಸನೆ. ಆ ಮನೆಯ ಯಜಮಾನಿಯನ್ನು ನಾವೆಲ್ಲ ಅವರ ಉರ್ದುವಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಚಿಟ್ಟೆ ಕೊರೆದು ಹೊರಬಂದ ಗೂಡಿನ ಎಳೆ ಕಡಿದುಹೋಗಿರುತ್ತದೆ, ಅದರಿಂದ ನೂಲು ಬರುವುದಿಲ್ಲ. ಅಂಥವನ್ನು ಖಾಲಾ ಚಿಕ್ಕಮ್ಮನಿಗೆಂದೇ ಒಂದು ಚೀಲದಲ್ಲಿ ಎತ್ತಿಡುತ್ತಿದ್ದರು. ಯಾಕೆ ಬೇಕು ಎಂದು ಕೇಳಿದಾಗ ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಖಾಲಾ ಚೀಲವನ್ನು ಕೊಡದೆ ಜಗಲಿಯ ಮೇಲಿಟ್ಟರು.

"ಆ ಪಟ ಅವಳು ಯಾಕೆ ಮಾಡಿದ್ಲು ಗೊತ್ತಾ ಬೇಟಿ? ಅವಳನ್ನೇ ನೋಡೋಕೆ ಬರ್ತಾರೆ ಅಂತ. ಚಳಿಗಾಲ ಪೂರ್ತಿ ಈ ಜಗಲಿ ಮೇಲೆ ಕೂತು ಮಾಡಿದ್ಲು. ಬಂದ್ರು, ನೋಡಿದ್ರು, ಹಕ್ಕಿ ತುಂಬಾ ಚೆನ್ನಾಗಿದೆ ಅಂದ್ರು, ಹೋದ್ರು."

ನಾವು ಹುಟ್ಟಿದಾಗಿನಿಂದ ಆ ಪಟ ನೋಡಿದ್ದೆವು. ಮನೆಯ ದೊಡ್ಡವರಿಗೆಲ್ಲ ಈ ಸಂಗತಿ ಗೊತ್ತಿದ್ದಿರಬೇಕು. ತಮಗೆಂದು ಮಾಡಿಕೊಂಡದ್ದನ್ನು ಚಿಕ್ಕಮ್ಮ ಪ್ರತಿ ಸಲವೂ ಗಾಜು ಒರೆಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಜೋಪಾನ ಎಂದು ಹೇಳಿ ನನ್ನ ಕೈಗೆ ಕೊಡುತ್ತಿದ್ದುದು ನನಗೆ ನೆನಪಾಯಿತು. ಅಕ್ಕನಿಗೆ ಅಳುವಿಗಿಂತ ಸಿಟ್ಟೇ ಬಂದಿತ್ತು. ಚೀಲ ಹೊತ್ತು ನೇರ ಮನೆಗೆ ಬಂದು, ಚಿಕ್ಕಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡಳು.

"ಕೊಡಿ ಚಿಕ್ಕಮ್ಮ. ನಾನೇ ಮಾಡ್ತೀನಿ, ಹೇಳಿಕೊಡಿ."

"ನಿನ್ನ ಕೈಲಾಗಲ್ಲ ಕಣೇ. ದಿನ ಬೇರೆ ಹತ್ರ ಬಂತು."

"ಆಗದಿದ್ರೆ ಆಗದೇ ಇದ್ದಿದ್ದನ್ನೇ ತೋರಿಸ್ತೀನಿ."

ಸಂಬಂಧ ತಪ್ಪಿಹೋಗುತ್ತದೆ ಎಂದು ಅಮ್ಮ ಗೋಳಾಡಿದರು. ನಿನಗೆ ಹುಡುಗ ಬೇಕಾ ಬೇಡವಾ ಎಂದು ನೇರವಾಗಿಯೇ ಕೇಳಿದರು. ಬೇಕು ಎಂದಳು ಅಕ್ಕ, ತಲೆ ತಗ್ಗಿಸದೆ. ಬೇಕಾದ್ದರಿಂದಲೇ ಅವರ ಮನೆಗೆ ಸುಳ್ಳು ಹೊತ್ತುಕೊಂಡು ಹೋಗಲಾರೆ ಎಂದಳು. ಅಮ್ಮ ಮುನಿಸಿಕೊಂಡು ಒಬ್ಬರೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ನಾವಿಬ್ಬರೂ ಉಳಿದೆವು.

ಆ ದಿನಗಳಷ್ಟು ಸುಖದ ದಿನಗಳನ್ನು ನಾನು ಆಮೇಲೆ ಕಂಡದ್ದು ಕಡಿಮೆ. ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ಮುದ್ದೆ ಉಂಡು, ಮಧ್ಯಾಹ್ನ ಪಡಸಾಲೆಯ ತಣ್ಣನೆಯ ನೆಲದಲ್ಲಿ ಕೂರುತ್ತಿದ್ದೆವು. ಗೂಡನ್ನು ಉದ್ದಕ್ಕೆ ಸೀಳಬೇಕು, ಒಳಪದರ ಬೇರೆ ಹೊರಪದರ ಬೇರೆ ಮಾಡಬೇಕು, ಗರಿಯ ಅಂಚನ್ನು ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಬೇಕು. ಬಾಲದಿಂದ ಶುರುಮಾಡಿ ಕತ್ತಿನ ಕಡೆ ಬರಬೇಕು, ಇಲ್ಲದಿದ್ದರೆ ಒಂದರ ಬುಡ ಇನ್ನೊಂದರ ಮೇಲೆ ಕಾಣುತ್ತದೆ. ಅಕ್ಕ ಕತ್ತಿನಿಂದಲೇ ಶುರುಮಾಡಿದಳು. ಮುಗಿದಾಗ ಚಿಕ್ಕಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಹಂಸ ಅಲ್ಲ ಕಣೇ, ಸಂತೆಗೆ ಹೊರಟಿರೋ ಕೋಳಿ ಎಂದರು. ಮೂವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅಕ್ಕ ಅದನ್ನು ಕಿತ್ತು ಮತ್ತೆ ಬಾಲದಿಂದ ಹಿಡಿದಳು.

ಖಾಲಾ ದಿನಾ ಬಂದು ಇಣುಕುತ್ತಿದ್ದರು. ಕೊಕ್ಕಿನ ಕೆಂಪು ಬಣ್ಣ ಸರಿಯಾಗಿ ಹಿಡಿಯದೆ ಪೇಚಾಡುತ್ತಿದ್ದಾಗ, ಬಿಸಿನೀರಿಗೆ ನಿಂಬೆಹುಳಿ ಹಿಂಡಿ ಅದ್ದಿಕೊಟ್ಟವರು ಅವರೇ. ಮೇಲೂರಿನ ಕಡೆಯಿಂದ ಬಂದ ಮಾವಿನಹಣ್ಣು ಅವರ ಮನೆಯಿಂದ ನಮ್ಮ ಮನೆಗೆ, ನಮ್ಮ ಮನೆಯ ಹಲಸಿನ ತೊಳೆ ಅವರ ಮನೆಗೆ ಗೋಡೆ ದಾಟಿ ಹೋಗುತ್ತಿದ್ದವು. ನಡುವೆ ದೊಡ್ಡಮ್ಮನ ಮಗಳ ಮದುವೆಗೆಂದು ಎಲ್ಲರೂ ಚಿಂತಾಮಣಿಗೆ ಹೋದೆವು. ಛತ್ರದಲ್ಲಿ ಎಲ್ಲರೂ ಒಬ್ಬಟ್ಟಿನ ಪಂಕ್ತಿಗೆ ಓಡಿದರೆ ಅಕ್ಕ ಉಗ್ರಾಣದ ಮೂಲೆಯಲ್ಲಿ ಕೂತು ಗರಿ ಕತ್ತರಿಸುತ್ತಿದ್ದಳು. ಚಿಕ್ಕಮ್ಮ ಎಲೆಯಲ್ಲಿ ಒಬ್ಬಟ್ಟು ತಂದು, ತುಪ್ಪ ಸುರಿದು, ಅಂಟು ಹತ್ತಿದ ಕೈ ಬೇಡವೆಂದು ತಾವೇ ತಿನ್ನಿಸಿದರು. ಅಕ್ಕನಿಗೆ ಅವರು ಒಮ್ಮೆಯೂ ತಾವೇ ಒಂದು ಗರಿ ಅಂಟಿಸಿಕೊಡಲಿಲ್ಲ. ಕೈ ಎಷ್ಟು ತುರಿಸಿದ್ದಿರಬೇಕು ಎಂದು ಈಗ ಅನ್ನಿಸುತ್ತದೆ.

ನಿಶ್ಚಿತಾರ್ಥದ ದಿನ ನಮ್ಮ ಪುಟ್ಟ ಹಜಾರದ ತುಂಬ ಜನ. ಅಪ್ಪನಿಗೆ ಕೂತಲ್ಲಿ ಕೂರಲಾಗದು. ಅಮ್ಮ ದೇವರ ಮುಂದೆ ದೀಪ ಹಚ್ಚಿ, ಆರಿತೆಂದು ಮತ್ತೆ ಹಚ್ಚಿ, ಅಡುಗೆಮನೆಗೂ ಹಜಾರಕ್ಕೂ ತಿರುಗುತ್ತಿದ್ದರು. ಚಿಕ್ಕಮ್ಮ ಒಲೆಯ ಮುಂದೆ ಬೋಂಡ ಕರಿಯುತ್ತಾ, ಅವರು ಮಾತಾಡಲಿ ನನಗೆ ಇಲ್ಲೇ ಕೆಲಸ ಇದೆ ಎಂದು ಹೊರಗೆ ಬರಲೇ ಇಲ್ಲ. ಗೋಡೆಯ ಮೇಲೆ ಹಳೆಯ ಪಟ ಇತ್ತು. ಅಕ್ಕ ತನ್ನದನ್ನು ಸೆರಗಿನಲ್ಲಿ ಮುಚ್ಚಿ ತಂದು ಅಜ್ಜಿಯ ಮುಂದಿಟ್ಟಳು. ಒಂದು ಹಂಸದ ಕತ್ತು ಸ್ವಲ್ಪ ಸೊಟ್ಟ. ಇನ್ನೊಂದರ ಬಾಲ ದಪ್ಪ. ಆದರೆ ಹಂಸಗಳೇ, ಸಂಶಯವಿಲ್ಲ.

ಅಜ್ಜಿ ಆ ಪಟವನ್ನೂ ಈ ಪಟವನ್ನೂ ನೋಡಿದರು. ಅವರು ಕೇಳುವವರೆಗೆ ಅಕ್ಕ ಕಾಯಲಿಲ್ಲ.

"ಇದು ನಾನು ಮಾಡಿದ್ದು ಅಜ್ಜಿ. ಗೋಡೇಲಿರೋದು ನಾನು ಮಾಡಿದ್ದಲ್ಲ. ಅವತ್ತು ಸುಳ್ಳು ಹೇಳಿದೆ. ಅದು ನಮ್ಮ ಚಿಕ್ಕಮ್ಮ ಮಾಡಿದ್ದು."

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹುಡುಗ ಅಜ್ಜಿಯ ಮುಖವನ್ನೇ ನೋಡುತ್ತಿದ್ದ.

"ಗೊತ್ತಿತ್ತು ಕಣಮ್ಮಾ," ಎಂದರು ಅಜ್ಜಿ. "ಚಿಂತಾಮಣೀಲಿ ಅದನ್ನ ಇನ್ನೊಂದು ಮಗು ಮಾಡಿತ್ತು. ನಿಮ್ಮ ಮನೇಲಿ ಎಲ್ರೂ ಸೇರಿ ಒಂದೇ ಹಕ್ಕಿ ಮಾಡ್ತೀರೇನೋ ಅಂದ್ಕೊಂಡಿದ್ದೆ."

ಮೊದಲು ನಕ್ಕದ್ದು ಹುಡುಗ. ಆಮೇಲೆ ಅಪ್ಪ, ಆಮೇಲೆ ಎಲ್ಲರೂ. ಅಕ್ಕ ಮಾತ್ರ ನಗಲಾರದೆ ನಿಂತಿದ್ದಳು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಸೊಟ್ಟ ಕತ್ತಿನ ಹಕ್ಕಿಯೇ ತಮ್ಮ ಮನೆಗೆ ಬರಲಿ ಎಂದರು. ಮಾಡಿದವರನ್ನು ಕರೆಯಿರಿ, ಅವರಿಗೆ ತಾಂಬೂಲ ಕೊಡದೆ ವೀಳ್ಯ ಬದಲಾಯಿಸುವುದಿಲ್ಲ ಎಂದೂ ಹೇಳಿದರು. ನಾನು ಅಡುಗೆಮನೆಗೆ ಓಡಿ ಬೋಂಡದ ಬಾಣಲೆ ಇಳಿಸಿ, ಚಿಕ್ಕಮ್ಮನನ್ನು ಎಳೆದುಕೊಂಡೇ ಬಂದೆ. ಸೆರಗಿಗೆ ಕೈ ಒರೆಸುತ್ತಾ ಬಂದ ಅವರನ್ನು ಅಜ್ಜಿ ಜಮಖಾನೆಯ ಮೇಲೆ ತಮ್ಮ ಸಮಕ್ಕೆ ಕೂರಿಸಿಕೊಂಡು ಎಲೆ ಅಡಿಕೆ ಕೊಟ್ಟರು. ಇಷ್ಟು ಚೆನ್ನಾಗಿ ಮಾಡಿದ್ದೀಯಲ್ಲ ಎಂದು ಕೇಳಿದರೆ, ಅಷ್ಟು ನಾಲಿಗೆಯಿದ್ದ ನಮ್ಮ ಚಿಕ್ಕಮ್ಮ ನೆಲ ನೋಡುತ್ತಾ, ಏನೋ ಆವಾಗ ಹೊತ್ತು ಹೋಗದೆ ಮಾಡಿದ್ದು ಎಂದುಬಿಟ್ಟರು. ಅಕ್ಕ ಅವರನ್ನು ತಿರುಗಿ ನೋಡಿದಳು.

ಮದುವೆ ಆಷಾಢಕ್ಕೆ ಮೊದಲೇ ಆಯಿತು. ಗೌರಿಬಿದನೂರಿಗೆ ಹೊರಟ ಅಕ್ಕನ ಸಾಮಾನಿನಲ್ಲಿ ಸೊಟ್ಟ ಕತ್ತಿನ ಹಂಸ ಇತ್ತು. ಹಳೆಯ ಪಟವನ್ನು ಶಿಡ್ಲಘಟ್ಟಕ್ಕೆ ಒಯ್ದು ಒಳಕೋಣೆಯ ಕಪಾಟಿನಲ್ಲಿ ಇಡುವುದಲ್ಲ, ಬಾಗಿಲಿಗೆ ಎದುರು ಹಜಾರದಲ್ಲೇ ಹಾಕಿ ಬಾ ಎಂದು ಹೊರಡುವ ಮುಂಚೆ ಅಕ್ಕ ನನಗೆ ಅಪ್ಪಣೆ ಮಾಡಿದಳು. ನಾನು ಪಾಸಾಗಿದ್ದೆ, ಆ ಖುಷಿಯಲ್ಲಿ ಪೇಡದ ಪೊಟ್ಟಣವನ್ನೂ ಪಟವನ್ನೂ ಹಿಡಿದು ಬಸ್ಸು ಹತ್ತಿದೆ. ಮೊಳೆ ಹೊಡೆಯುವ ಮುಂಚೆ ಮೆಣಸುಕಾಳು ತೆಗೆದು ಕರಿಮಣಿ ಹಚ್ಚೋಣವೇ ಎಂದು ಕೇಳಿದೆ. ಇರಲಿ ಬಿಡು, ಅದೂ ಊರೂರು ನೋಡಿಕೊಂಡು ಬಂದಿದೆ ಎಂದರು ಚಿಕ್ಕಮ್ಮ.

ನಾನು ಇನ್ನೂ ಅಲ್ಲೇ ಇದ್ದೆ, ಎರಡು ದಿನ ಕಳೆದಿರಬೇಕು. ಮೇಲೂರಿನಿಂದ ಮಾವನ ಹೆಂಡತಿಯ ಕಡೆಯ ಹೆಂಗಸೊಬ್ಬರು ಬಂದರು. ಅವರ ಮಗಳನ್ನು ನೋಡಲು ಬರುವವರಿದ್ದರು. ಹಂಸಗಳ ಶಕುನ ಅಲ್ಲಿಯ ತನಕ ಹಬ್ಬಿತ್ತು. ಒಂದೇ ದಿನದ ಮಟ್ಟಿಗೆ ಪಟ ಕೊಟ್ಟರೆ ಹುಷಾರಾಗಿ ತಂದುಕೊಡುತ್ತೇನೆ ಎಂದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಚಿಕ್ಕಮ್ಮ ಅಲ್ಲಿಯವರೆಗೆ ಯಾರಿಗೂ ಆ ಪಟ ಇಲ್ಲ ಎಂದವರಲ್ಲ. ಬೆಡ್‌ಶೀಟು ಬೀರುವಿನಲ್ಲಿತ್ತು. ಅದನ್ನು ತೆಗೆದುಕೊಳ್ಳಲು ಚಿಕ್ಕಮ್ಮ ಎದ್ದುಬರುತ್ತಾರೆ ಎಂದು ನಾನು ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಜಾರದಿಂದ ಅವರ ದನಿ ಕೇಳಿಸಿತು.

"ಪಟ ಕೊಡಲ್ಲ ಕಣಮ್ಮ. ಅದು ನಾನೇ ಮಾಡಿದ್ದು, ನನಗೇ ಅಂತ ಮಾಡ್ಕೊಂಡಿದ್ದು. ಹುಡುಗೀನ ಕಳ್ಸು, ಕೂತು ಕಲಿಸ್ತೀನಿ."